ಮಗ ತಂಗಿಗೆ "ಸಾಯಿಸಿಬಿಡ್ತೀನಿ" ಅಂದ. ಇದು ಗೇಮಿನಿಂದ ಬಂದದ್ದಾ?

ಹೊಲಿಗೆಮನೆ, ತಿಪಟೂರು

ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಮಕ್ಕಳು. ಮಗನಿಗೆ 11 ವರ್ಷ, ಆರನೇ ಕ್ಲಾಸು. ಮಗಳಿಗೆ 5. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮನೆಯವರು ಕೊಬ್ಬರಿ ಲಾರಿ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುವುದಿಲ್ಲ.

ಹೋದ ಭಾನುವಾರ ನಡೆದದ್ದು ಹೇಳುತ್ತೇನೆ. ಮಗ ಮಂಚದ ಮೇಲೆ ಕೂತು ಫೋನಿನಲ್ಲಿ ಗೇಮ್ ಆಡುತ್ತಿದ್ದ. ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿದು, ಗನ್ ಹುಡುಕಿಕೊಂಡು, ಸಿಕ್ಕವರನ್ನೆಲ್ಲ ಹೊಡೆಯುವ ಗೇಮ್. ಹೆಸರು ಬೇಡ, ಆ ಥರದ್ದು ಬೇಕಾದಷ್ಟಿವೆ. ಮಗಳು ಬಂದು ಫೋನಿಗೆ ಕೈ ಹಾಕಿದಳು. ಅವನು ಪರದೆಯಿಂದ ಕಣ್ಣು ತೆಗೆಯದೇ "ಹೋಗೇ, ಸಾಯಿಸಿಬಿಡ್ತೀನಿ" ಅಂದ. ಅವಳು ಬಿಡಲಿಲ್ಲ. ಜೋರಾಗಿ ತಳ್ಳಿದ. ಅವಳು ನನ್ನ ಮಷಿನ್ ಸ್ಟ್ಯಾಂಡಿಗೆ ಬಡಿದು ಕೆಳತುಟಿ ಸೀಳಿತು. ಎರಡು ಹೊಲಿಗೆ ಬಿತ್ತು.

ತಳ್ಳಿದ್ದಕ್ಕಿಂತ ನನಗೆ ಜಾಸ್ತಿ ಭಯವಾದದ್ದು ಬೇರೆ. ತಂಗಿಯ ಬಾಯಲ್ಲಿ ರಕ್ತ ಬರುತ್ತಿದೆ. ಅವನು ಒಂದು ಸಲ ನೋಡಿ, ಮತ್ತೆ ಪರದೆ ನೋಡಿದ. ಐದಾರು ಸೆಕೆಂಡ್ ಇರಬಹುದು. ಆಮೇಲೆ ಫೋನ್ ಬಿಸಾಕಿ ಓಡಿ ಬಂದ, ಅತ್ತ ಕೂಡ. ಆದರೆ ಆ ಐದಾರು ಸೆಕೆಂಡ್ ನನ್ನ ಕಣ್ಣಿನಿಂದ ಹೋಗುತ್ತಿಲ್ಲ.

ಫೋನ್ ಕೊಟ್ಟವಳು ನಾನೇ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಮುಂಚೆ ಬ್ಲೌಸುಗಳು ರಾಶಿ ಬಿದ್ದಿದ್ದವು. ರಾತ್ರಿ ಹನ್ನೊಂದರ ತನಕ ಮಷಿನ್ ಮೇಲಿಂದ ಏಳುತ್ತಿರಲಿಲ್ಲ. ಮಗ ಸುಮ್ಮನಿರಲಿ ಅಂತ ನನ್ನ ಹಳೆ ಫೋನ್ ಕೊಟ್ಟೆ. ಅವನು ನಿಜಕ್ಕೂ ಸುಮ್ಮನಾದ. ಹಬ್ಬ ಮುಗಿಯಿತು, ಫೋನ್ ವಾಪಸ್ ಬರಲಿಲ್ಲ.

ಮನೆಯವರು ಫೋನಿನಲ್ಲೇ "ಅದನ್ನು ಒಡೆದು ಹಾಕು" ಅಂದರು. ಅತ್ತೆ "ಗಂಡುಮಕ್ಕಳು ಅಂದರೆ ಹಾಗೇ, ನಿನ್ನ ಗಂಡ ಚಿಕ್ಕವನಿದ್ದಾಗ ಏನು ಕಮ್ಮಿ ಹೊಡೆದಾಡಿದ್ದನಾ" ಅಂದರು. ಪಕ್ಕದ ಮನೆಯವರು 2019ರಲ್ಲಿ ಬೆಳಗಾವಿ ಕಡೆ ಪಬ್‌ಜಿ ಆಡಬೇಡ ಅಂದದ್ದಕ್ಕೆ ಮಗನೇ ತಂದೆಯನ್ನು ಕೊಂದ ಸುದ್ದಿ ನೆನಪು ಮಾಡಿದರು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ನನ್ನ ಮಗ ಕೆಟ್ಟವನಲ್ಲ. ಬೀದಿ ನಾಯಿಮರಿಗೆ ಗೋಣಿಚೀಲ ಹಾಸಿ ಮಲಗಿಸುವ ಹುಡುಗ. ಗೇಮ್ ಅವನನ್ನು ಬದಲಾಯಿಸುತ್ತಿದೆಯಾ? ಫೋನ್ ಪೂರ್ತಿ ಕಿತ್ತುಕೊಳ್ಳಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹಾವೇರಿ ಮೇಷ್ಟ್ರು

ಅಕ್ಕಾರೇ, ಮೊದಲು ಮಗಳ ತುಟಿ ಹೇಗಿದೆ? ಐದು ವರ್ಷದ ಮಗು, ಬೇಗ ವಾಸಿಯಾಗುತ್ತದೆ. ಮಗನನ್ನು ಈ ಒಂದು ದಿನದಿಂದ ಅಳೆಯಬೇಡಿ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರು, 19 ವರ್ಷವಾಯಿತು. 2020ರಲ್ಲಿ ಶಾಲೆ ಮುಚ್ಚಿ, ಪಾಠ ಫೋನಿಗೆ ಬಂದಾಗಿನಿಂದ ಹುಡುಗರ ಜೇಬಿಗೆ ಈ ಗೇಮುಗಳು ಬಂದವು. ಫೋನ್ ಕೊಡಿಸಿ ಅಂತ ತಂದೆ ತಾಯಿಗೆ ಹೇಳಿದವರು ನಾವೇ. ಹಾಗಾಗಿ ನಿಮ್ಮೊಬ್ಬರ ತಪ್ಪು ಅಂತ ಅಂದುಕೊಳ್ಳಬೇಡಿ.

ನನ್ನ ಕ್ಲಾಸಿನಲ್ಲಿ ಮೂವರು ಹುಡುಗರು ತುಂಬಾ ಸಿಟ್ಟಿನವರಾಗಿದ್ದರು. ಸಣ್ಣ ಮಾತಿಗೂ ಕೈ ಎತ್ತುವುದು, ಕಾಂಪಾಸ್ ಬಾಕ್ಸ್ ಎಸೆಯುವುದು. ನಾನೂ ಮೊದಲು ಗನ್ ಗೇಮಿನ ಮೇಲೇ ಹಾಕಿದ್ದೆ. ಆಮೇಲೆ ಮನೆಗೆ ಹೋಗಿ ವಿಚಾರಿಸಿದೆ. ಮೂವರೂ ರಾತ್ರಿ ಒಂದು ಗಂಟೆ, ಎರಡು ಗಂಟೆ ತನಕ ಎದ್ದಿರುತ್ತಿದ್ದರು. ಹೊದಿಕೆ ಒಳಗೆ ಫೋನ್. ಬೆಳಿಗ್ಗೆ ರೊಟ್ಟಿ ತಿನ್ನದೇ ಬರುತ್ತಿದ್ದರು. ಅದೇ ಕ್ಲಾಸಿನಲ್ಲಿ ಅದೇ ಗೇಮ್ ಆಡುವ ಇನ್ನೂ ಹತ್ತು ಹುಡುಗರು ಇದ್ದರು, ಅವರು ಆರಾಮಾಗಿದ್ದರು. ವ್ಯತ್ಯಾಸ ನಿದ್ದೆಯಲ್ಲಿತ್ತು. ಮೂವರಲ್ಲಿ ಒಬ್ಬನ ಮನೆಯಲ್ಲಿ ತಂದೆ ಕುಡಿದು ಬಂದು ದಿನಾ ಹೊಡೆಯುತ್ತಿದ್ದರು. ಆ ಹುಡುಗ ಹೊಡೆಯುವುದನ್ನು ಗೇಮಿನಿಂದ ಕಲಿಯಲಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ದೊಡ್ಡಾಟ ನೋಡುತ್ತಾ ಬೆಳೆದವನು ನಾನು. ಅದರಲ್ಲೂ ಹೊಡೆದಾಟ, ವಧೆ ಎಲ್ಲ ಇದೆ. ನಾವೂ ಮರುದಿನ ಜೋಳದ ದಂಟು ಹಿಡಿದು ಯುದ್ಧ ಮಾಡುತ್ತಿದ್ದೆವು. ಆದರೆ ದೊಡ್ಡಾಟದಲ್ಲಿ ಒಬ್ಬ ಸತ್ತರೆ ಅಳುವವರು ಇರುತ್ತಾರೆ. ತಾಯಿ ಬರುತ್ತಾಳೆ, ಹೆಂಡತಿ ಬರುತ್ತಾಳೆ, ಅರ್ಧ ಗಂಟೆ ಹಾಡಿ ಅಳುತ್ತಾರೆ. ನಮ್ಮ ಹುಡುಗರ ಫೋನಿನಲ್ಲಿ ನಾನು ನೋಡಿದ್ದೇನೆ. ಸತ್ತವನು ಒಂದು ಡಬ್ಬ ಆಗಿಬಿಡುತ್ತಾನೆ. ಕೊಂದವನು ಆ ಡಬ್ಬದಿಂದ ಗುಂಡು, ಔಷಧಿ ತೆಗೆದುಕೊಂಡು ಮುಂದಕ್ಕೆ ಓಡುತ್ತಾನೆ. ಇದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಇದರಿಂದ ಮಕ್ಕಳು ಕೊಲೆಗಾರರಾಗುತ್ತಾರೆ ಅಂತ ಹೇಳುತ್ತಿಲ್ಲ. ಆದರೆ ಮನೆಯಲ್ಲಿ ಯಾರಾದರೂ ಈ ಮಾತನ್ನು ಮಕ್ಕಳ ಹತ್ತಿರ ಆಡಬೇಕು.

ಒಂದು ವಾರ ಏನೂ ನಿಷೇಧ ಮಾಡದೇ ಸುಮ್ನೆ ಗಮನಿಸಿ. ಎಷ್ಟು ಹೊತ್ತು ಆಡುತ್ತಾನೆ, ಎಷ್ಟಕ್ಕೆ ಮಲಗುತ್ತಾನೆ, ಯಾವಾಗ ಸಿಟ್ಟು ಬರುತ್ತದೆ. ಒಂದು ಹಳೆ ಕ್ಯಾಲೆಂಡರ್ ಮೇಲೆ ಬರೆದಿಡಿ.

ರಾತ್ರಿಪಾಳಿ

ಅಕ್ಕಾ, ನನಗೆ 22. ಈಗ ಬೆಂಗಳೂರಿನಲ್ಲಿ ಕೆಲಸ. ಒಂಬತ್ತನೇ ಕ್ಲಾಸಿನಿಂದ ಪಿಯುಸಿ ಮುಗಿಯುವ ತನಕ ಇಂಥ ಗೇಮ್ ದಿನಕ್ಕೆ ಐದು ಗಂಟೆ ಆಡಿದ್ದೇನೆ. ಆಡುವವನ ಕಡೆಯಿಂದ ಹೇಳುತ್ತೇನೆ.

ಈ ಗೇಮಿನಲ್ಲಿ ಒಂದು ಮ್ಯಾಚ್ ಶುರುವಾದರೆ ಮಧ್ಯದಲ್ಲಿ ನಿಲ್ಲಿಸಲು ಆಗುವುದಿಲ್ಲ. ಪಬ್‌ಜಿಯಲ್ಲಿ 100 ಜನ ಇಳಿಯುತ್ತಾರೆ, ಅರ್ಧ ಗಂಟೆ ಹಿಡಿಯುತ್ತದೆ. ಫ್ರೀ ಫೈರಿನಲ್ಲಿ 50 ಜನ, ಸುಮಾರು ಹತ್ತು ನಿಮಿಷ. ಸುರಕ್ಷಿತ ಜಾಗ ಚಿಕ್ಕದಾಗುತ್ತಾ ಹೋಗುತ್ತದೆ. ಎಲ್ಲರೂ ಒಂದೇ ಕಡೆ ಸೇರುತ್ತಾರೆ. ಕೊನೆಯ ಎರಡು ನಿಮಿಷ ಎದೆ ಡವಡವ ಅನ್ನುತ್ತಿರುತ್ತದೆ, ಕೈ ಬೆವರುತ್ತದೆ. ಆ ಹೊತ್ತಿಗೆ ಫೋನಿಗೆ ಯಾರಾದರೂ ಕೈ ಹಾಕಿದರೆ ನಾನೂ ತಳ್ಳಿದ್ದೇನೆ. ನನ್ನ ಅಮ್ಮನನ್ನೇ ತಳ್ಳಿದ್ದೇನೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತದೆ. ಆಮೇಲೆ ಕ್ಷಮೆ ಕೇಳಿದೆ, ಅವರು ಮರೆತಿದ್ದಾರೆ, ನಾನು ಮರೆತಿಲ್ಲ.

ಇನ್ನೊಂದು, ಟೀಮ್ ಇರುತ್ತದೆ. ಮಧ್ಯೆ ಬಿಟ್ಟು ಹೋದರೆ ಉಳಿದ ಮೂವರು ಮರುದಿನ ಶಾಲೆಯಲ್ಲಿ ಬೈಯುತ್ತಾರೆ. ರ‍್ಯಾಂಕ್ ಇಳಿಯುತ್ತದೆ. ದೊಡ್ಡವರಿಗೆ ಇದು ಏನೂ ಅಲ್ಲ, ಆರನೇ ಕ್ಲಾಸಿನ ಹುಡುಗನಿಗೆ ಇದೇ ಮರ್ಯಾದೆ. ಆ ಐದಾರು ಸೆಕೆಂಡ್ ಅಂದಿರಲ್ಲ, ಅದು ತಂಗಿ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅವನ ಅರ್ಧ ತಲೆ ಇನ್ನೂ ಅಲ್ಲೇ ಸಿಕ್ಕಿಕೊಂಡಿತ್ತು.

ಅದಕ್ಕೇ ಹೇಳುತ್ತೇನೆ, ಅರ್ಧದಲ್ಲಿ ಕಿತ್ತುಕೊಳ್ಳಬೇಡಿ. "ಇದು ಕೊನೆ ಮ್ಯಾಚ್" ಅಂತ ಶುರುವಾಗುವ ಮುಂಚೆಯೇ ಹೇಳಿ. ಮುಗಿದ ಮೇಲೆ ಫೋನ್ ನಿಮ್ಮ ಕೈಗೆ. ತಂಗಿಯನ್ನು ಆ ಹತ್ತು ನಿಮಿಷ ನೀವು ಹತ್ತಿರ ಇಟ್ಟುಕೊಳ್ಳಿ.

ಗನ್ನಿಗಿಂತ ನನ್ನನ್ನು ಹಾಳು ಮಾಡಿದ್ದು ಮೈಕ್. ಯಾರೋ ಗೊತ್ತಿಲ್ಲದವರು ಟೀಮಿಗೆ ಬರುತ್ತಾರೆ. ಹದಿನಾಲ್ಕರ ವಯಸ್ಸಿನಲ್ಲಿ ನಾನು ಕೇಳಿದ ಬೈಗುಳ ನಮ್ಮ ಊರಿನ ಸಂತೆಯಲ್ಲೂ ಕೇಳಿಲ್ಲ. ಅಕ್ಕ ತಂಗಿಯರ ಮೇಲೆ, ಅಮ್ಮನ ಮೇಲೆ. ಆರು ತಿಂಗಳಲ್ಲಿ ಅದೇ ಮಾತು ನನ್ನ ಬಾಯಲ್ಲೂ ಬಂತು. "ಸಾಯಿಸಿಬಿಡ್ತೀನಿ" ಅನ್ನುವುದು ಅವರಿಗೆಲ್ಲ ನಾವು "ಔಟ್" ಅಂದ ಹಾಗೆ. ದಯವಿಟ್ಟು ಮೈಕ್ ಮತ್ತು ಸ್ಪೀಕರ್ ಎರಡನ್ನೂ ಆಫ್ ಮಾಡಿಸಿ.

ಹೊಲಿಗೆಮನೆ, ತಿಪಟೂರು

ತಮ್ಮಾ, ಓದಿ ಕಣ್ಣಲ್ಲಿ ನೀರು ಬಂತು. ಮೈಕ್ ಆಫ್ ಮಾಡುವುದು ಎಲ್ಲಿ? ನನಗೆ ವಾಟ್ಸಾಪ್ ಬಿಟ್ಟರೆ ಜಾಸ್ತಿ ಗೊತ್ತಿಲ್ಲ. ಅವನು ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಆಡುತ್ತಾನೆ, ಹಾಗಾಗಿ ಯಾರು ಏನು ಮಾತಾಡುತ್ತಾರೆ ಅಂತ ನನಗೆ ಇದುವರೆಗೂ ಕೇಳಿಸಿಲ್ಲ.

ರಾತ್ರಿಪಾಳಿ

ಆಡುವಾಗ ಪರದೆ ಮೇಲೇ ಮೈಕಿನ ಚಿತ್ರ, ಸ್ಪೀಕರಿನ ಚಿತ್ರ ಇರುತ್ತವೆ ಅಕ್ಕಾ. ಎರಡನ್ನೂ ಒತ್ತಿ ಆಫ್ ಮಾಡಬಹುದು. ಆದರೆ ಅವನು ಮತ್ತೆ ಆನ್ ಮಾಡಬಹುದು. ಅದಕ್ಕಿಂತ ಇಯರ್‌ಫೋನ್ ತೆಗೆದಿಟ್ಟುಬಿಡಿ. ಶಬ್ದ ಮನೆಯವರಿಗೆಲ್ಲ ಕೇಳಿಸುವ ಹಾಗಿರಲಿ. ಹಾಗೇ ಪ್ಲೇ ಸ್ಟೋರಿನ ಸೆಟ್ಟಿಂಗ್ಸಿನಲ್ಲಿ ಏನು ಕೊಳ್ಳಬೇಕಾದರೂ ಪಾಸ್‌ವರ್ಡ್ ಕೇಳುವಂತೆ ಇಡಿ. ಬಣ್ಣದ ಬಟ್ಟೆ, ಗನ್ನಿನ ಹೊದಿಕೆ ಅಂತ ದುಡ್ಡು ಹೋಗುತ್ತಲೇ ಇರುತ್ತದೆ.

ಇಬ್ಬರು ಗಂಡುಮಕ್ಕಳ ಅಪ್ಪ, ಮೈಸೂರು

ನನ್ನ ಅಭಿಪ್ರಾಯ ಬೇರೆ. ನಾನು ಪೂರ್ತಿ ನಿಲ್ಲಿಸಿದೆ, ನಿಲ್ಲಿಸಿದ್ದಕ್ಕೆ ನನಗೆ ನೆಮ್ಮದಿಯಿದೆ.

ನನ್ನ ಮಕ್ಕಳಿಗೆ 8 ಮತ್ತು 10. ದೊಡ್ಡವನು ಒಂದು ಗೇಮಿಂಗ್ ಸೆಂಟರಿಗೆ ಹುಟ್ಟುಹಬ್ಬದ ಪಾರ್ಟಿಗೆ ಹೋಗಿದ್ದ. ಕರೆದುಕೊಂಡು ಬರಲು ಹೋದಾಗ ಜಿಟಿಎ 5 ಆಡುತ್ತಿದ್ದ. ರಸ್ತೆಯಲ್ಲಿ ಹೋಗುವ ಹೆಂಗಸಿನ ಮೇಲೆ ಕಾರು ಹತ್ತಿಸಿ ನಗುತ್ತಿದ್ದ. 2013ರಲ್ಲಿ ಬಂದ ಆ ಗೇಮಿಗೆ ಯುರೋಪಿನಲ್ಲಿ 18 ತುಂಬಿದವರಿಗೆ ಮಾತ್ರ ಅನ್ನುವ ಗುರುತು ಇದೆ. ಹತ್ತು ವರ್ಷದವನ ಕೈಗೆ ಕೊಡುವಾಗ ಅಲ್ಲಿ ಯಾರೂ ವಯಸ್ಸು ಕೇಳಿರಲಿಲ್ಲ.

ಸಂಶೋಧನೆ ಏನಾದರೂ ಹೇಳಲಿ. ಕೊಲ್ಲುವುದರಲ್ಲಿ ಮಜಾ ಇದೆ ಅಂತ ನನ್ನ ಮಗ ಹತ್ತು ವರ್ಷಕ್ಕೇ ಕಲಿಯುವುದು ನನಗೆ ಬೇಡ. ಅದಕ್ಕೆ ಸಾಕ್ಷಿ ಬೇಕಿಲ್ಲ. ಮಕ್ಕಳ ಮುಂದೆ ಕೋಳಿ ಕೊಯ್ಯಬಾರದು ಅಂತ ನಮ್ಮ ಅಜ್ಜಿ ಅನ್ನುತ್ತಿದ್ದರು. ಅವರು ಯಾವ ಪುಸ್ತಕವನ್ನೂ ಓದಿರಲಿಲ್ಲ.

ಚೀನಾದಲ್ಲಿ 2021ರಿಂದ 18ರ ಒಳಗಿನ ಮಕ್ಕಳಿಗೆ ಆನ್‌ಲೈನ್ ಗೇಮ್ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆಗಳಲ್ಲಿ ಮಾತ್ರ, ಅದೂ ರಾತ್ರಿ ಎಂಟರಿಂದ ಒಂಬತ್ತು. ನಮ್ಮಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಂತಿತು, 2022ರಲ್ಲಿ ಫ್ರೀ ಫೈರ್ ನಿಂತಿತು. ಎರಡೂ ದೇಶದ ಭದ್ರತೆಯ ಕಾರಣಕ್ಕೆ, ಮಕ್ಕಳ ಕಾರಣಕ್ಕಲ್ಲ. ಮಾರನೇ ದಿನವೇ ಮಕ್ಕಳು ಬೇರೆ ಗೇಮಿಗೆ ಹೋದರು. ಮನೆಯಲ್ಲಿ ನಾವೇ ನಿಲ್ಲಿಸದಿದ್ದರೆ ಯಾರೂ ನಿಲ್ಲಿಸುವುದಿಲ್ಲ.

ಮಕ್ಕಳ ಕೌನ್ಸೆಲರ್

ಮೈಸೂರಿನ ಸರ್ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಎಂಟು, ಹತ್ತು ವರ್ಷದ ಮಕ್ಕಳಿಗೆ 18ರ ಗೇಮ್ ಬೇಡವೇ ಬೇಡ. ತಂದೆಯಾಗಿ ನಿಮಗೆ ಇಷ್ಟವಿಲ್ಲ ಅನ್ನುವುದೇ ಸಾಕಾದಷ್ಟು ಕಾರಣ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ತಿಪಟೂರಿನ ಅಕ್ಕ ಕೇಳಿದ ಪ್ರಶ್ನೆಯನ್ನು ವಾರಕ್ಕೆ ಮೂರು ನಾಲ್ಕು ತಾಯಂದಿರು ಕೇಳುತ್ತಾರೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಈ ವಾದ ಹಳೆಯದು. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞರು ಚಿಕ್ಕ ಮಕ್ಕಳ ಮುಂದೆ ದೊಡ್ಡವರಿಂದ ಒಂದು ಗಾಳಿ ತುಂಬಿದ ಗೊಂಬೆಗೆ ಹೊಡೆಸಿದರು. ಆಮೇಲೆ ಮಕ್ಕಳೂ ಗೊಂಬೆಗೆ ಹಾಗೇ ಹೊಡೆದರು. ನೋಡಿದ್ದನ್ನು ಮಕ್ಕಳು ಮಾಡುತ್ತಾರೆ ಅನ್ನುವುದು ಅಲ್ಲಿಂದ ಬಂತು. ಆದರೆ ಗೊಂಬೆಗೆ ಹೊಡೆಯುವುದು ಬೇರೆ, ಮನುಷ್ಯರಿಗೆ ಹೊಡೆಯುವುದು ಬೇರೆ.

ಗೇಮಿನ ವಿಷಯದಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಇಟ್ಟುಕೊಳ್ಳಬೇಕು. ಒಂದು, ಹಿಂಸೆಯ ಗೇಮ್ ಆಡಿದ ಮಕ್ಕಳಿಗೆ ಸಿಟ್ಟು, ಕೂಗಾಟ, ತಳ್ಳಾಟ ಜಾಸ್ತಿಯಾಗುತ್ತದಾ? ಇನ್ನೊಂದು, ಅವರು ಮುಂದೆ ಅಪರಾಧ ಮಾಡುವಷ್ಟು ಕ್ರೂರರಾಗುತ್ತಾರಾ? ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಇದನ್ನೇ ಬಿಡಿಸಿ ಹೇಳಿತು. ಕೂಗಾಟ, ತಳ್ಳಾಟದ ಜೊತೆ ಚಿಕ್ಕ ಸಂಬಂಧ ಕಾಣುತ್ತದೆ. ದೊಡ್ಡ ಹಿಂಸೆಗೆ ಗೇಮೇ ಕಾರಣ ಅನ್ನಲು ಸಾಕಷ್ಟು ಆಧಾರ ಇಲ್ಲ. ಅದಕ್ಕೂ ಮುಂಚೆ, 2011ರಲ್ಲಿ, ಮಕ್ಕಳಿಗೆ ಇಂಥ ಗೇಮ್ ಮಾರಬಾರದು ಅನ್ನುವ ಕ್ಯಾಲಿಫೋರ್ನಿಯಾದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಗೇಮಿನಿಂದಲೇ ಹೀಗಾಯಿತು ಅಂತ ಅಧ್ಯಯನಗಳು ಸಾಬೀತು ಮಾಡಿಲ್ಲ ಅಂತ ಆ ತೀರ್ಪಿನಲ್ಲಿದೆ.

2019ರಲ್ಲಿ ಆಕ್ಸ್‌ಫರ್ಡಿನವರು ಬ್ರಿಟನ್ನಿನ ಸುಮಾರು ಸಾವಿರ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿದರು. ನನಗೆ ಅದು ಇಷ್ಟ. ಯಾಕೆಂದರೆ ಮಕ್ಕಳ ನಡತೆ ಬಗ್ಗೆ ಮನೆಯ ದೊಡ್ಡವರನ್ನೇ ಕೇಳಿದರು. ಹಿಂಸೆಯ ಗೇಮ್ ಆಡುವುದಕ್ಕೂ ಸಿಟ್ಟಿನ ನಡತೆಗೂ ಸಂಬಂಧ ಸಿಗಲಿಲ್ಲ. ಆದರೆ ಒಂದು ವಿಷಯ ಗಮನಿಸಿ. ಆ ಮಕ್ಕಳಿಗೆ 14, 15 ವರ್ಷ. ನಿಮ್ಮ ಮಗನಿಗೆ 11. ಹಾಗಾಗಿ "ಏನೂ ಆಗುವುದಿಲ್ಲ ಬಿಡಿ" ಅಂತ ನಾನು ಹೇಳುವುದಿಲ್ಲ.

ಬೆಳಗಾವಿಯ ಸುದ್ದಿ ಓದಿ ಭಯ ಪಡಬೇಡಿ. ಕೋಟಿಗಟ್ಟಲೆ ಮಕ್ಕಳು ಆಡುತ್ತಾರೆ. ಅಂಥ ಒಂದು ಘಟನೆಯ ಹಿಂದೆ ಗೇಮಿನ ಜೊತೆ ಬೇರೆ ಏನೇನೋ ಇರಬಹುದು. ಸುದ್ದಿಯಲ್ಲಿ ಉಳಿಯುವುದು ಗೇಮಿನ ಹೆಸರು ಮಾತ್ರ.

ಭಯ ಪಡಬೇಕಾದ ಲಕ್ಷಣ ಬೇರೆ. ನಿಲ್ಲಿಸಬೇಕು ಅಂದುಕೊಂಡರೂ ನಿಲ್ಲಿಸಲು ಆಗದಿರುವುದು. ಊಟ, ಶಾಲೆ, ಸ್ನೇಹಿತರು ಎಲ್ಲದಕ್ಕಿಂತ ಗೇಮ್ ಮುಂದೆ ಬರುವುದು. ತೊಂದರೆ ಆಗುತ್ತಿದೆ ಅಂತ ಗೊತ್ತಾದರೂ ಬಿಡದಿರುವುದು. ಇದು ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಅನ್ನುತ್ತದೆ. 2022ರಿಂದ ಅದು ಅವರ ಪಟ್ಟಿಯಲ್ಲಿ ಇದೆ. ನಿಮ್ಮ ಮಗ ಫೋನ್ ಬಿಸಾಕಿ ಓಡಿ ಬಂದ, ಅತ್ತ. ನಾಯಿಮರಿ ನೋಡಿಕೊಳ್ಳುತ್ತಾನೆ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೇಷ್ಟ್ರು ಹೇಳಿದ ನಿದ್ದೆಯ ಮಾತು ತುಂಬಾ ಸರಿ. ಫೋನ್ ರಾತ್ರಿ ಅವನ ಕೋಣೆಯಲ್ಲಿ ಇರಬಾರದು. ಇದೊಂದರಲ್ಲಿ ಸಡಿಲ ಬೇಡ.

ನಿಭಾಯಿಸಲು ಆಗುತ್ತಿಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದ ಫೋನ್, ಗೇಮ್, ಇಂಟರ್ನೆಟ್ ಗೀಳಿಗೆಂದೇ ಶಟ್ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಇಲ್ಲ.

ಹೊಲಿಗೆಮನೆ, ತಿಪಟೂರು

ಮೂರು ವಾರ ಆಯಿತು. ಏನಾಯಿತು ಅಂತ ಹೇಳದೇ ಇದ್ದರೆ ತಪ್ಪಾಗುತ್ತದೆ.

ಮೇಷ್ಟ್ರೇ, ನೀವು ಹೇಳಿದ ಹಾಗೆ ಕ್ಯಾಲೆಂಡರ್ ಮೇಲೆ ಬರೆದೆ. ದಿನಕ್ಕೆ ಒಂದು ಗಂಟೆ ಆಡುತ್ತಾನೆ ಅಂದುಕೊಂಡಿದ್ದೆ. ಮೂರೂವರೆ ಗಂಟೆ ಇತ್ತು. ನಾನು ಮಷಿನ್ ಮೇಲಿದ್ದಾಗಲೆಲ್ಲ ಅವನು ಫೋನ್ ಮೇಲೆ. ನನ್ನ ಕೆಲಸದ ಹೊತ್ತೂ ಅವನ ಗೇಮಿನ ಹೊತ್ತೂ ಒಂದೇ. ಅದು ಕಾಗದದ ಮೇಲೆ ನೋಡುವ ತನಕ ನನಗೆ ಗೊತ್ತಾಗಿರಲಿಲ್ಲ.

ತಮ್ಮಾ, ಇಯರ್‌ಫೋನ್ ತೆಗೆದಿಟ್ಟೆ. ಮೊದಲನೇ ದಿನವೇ ಯಾರೋ ದೊಡ್ಡ ಗಂಡಸಿನ ದನಿ ಕೇಳಿಸಿತು, ಹಿಂದಿಯಲ್ಲಿ. ಮಗನ ಮುಖ ಕೆಂಪಾಯಿತು. ಅವನೇ ಕೈ ಹಾಕಿ ಆಫ್ ಮಾಡಿದ. ನಾನು ಏನೂ ಕೇಳಲಿಲ್ಲ. ಈಗ ಅವನ ಕ್ಲಾಸಿನ ಹುಡುಗರ ಜೊತೆ ಮಾತ್ರ ಆಡುತ್ತಾನೆ.

ಹೋಂವರ್ಕ್ ಮುಗಿದ ಮೇಲೆ ಮೂರು ಮ್ಯಾಚ್. ರಾತ್ರಿ ಎಂಟೂವರೆಗೆ ಫೋನ್ ಮಷಿನ್ ಡ್ರಾಯರಿಗೆ, ಬೀಗ. ಮೊದಲ ನಾಲ್ಕು ದಿನ ರಂಪ ಮಾಡಿದ, ಒಂದು ದಿನ ಊಟ ಬಿಟ್ಟ. ಐದನೇ ದಿನ ಮಲಗಿದವನು ಬೆಳಿಗ್ಗೆ ತಾನಾಗಿಯೇ ಎದ್ದ. ಸಿಟ್ಟು ಪೂರ್ತಿ ಹೋಗಿಲ್ಲ. ಮೊನ್ನೆ ಸೋತಾಗ ದಿಂಬಿಗೆ ಗುದ್ದಿದ. ದಿಂಬಿಗೆ ತಾನೆ ಅಂತ ಸುಮ್ಮನಾದೆ.

ಒಂದು ದಿನ ಹೊಲಿಗೆ ಬಿಟ್ಟು ಪಕ್ಕದಲ್ಲಿ ಕೂತು ನೋಡಿದೆ. ಮೇಷ್ಟ್ರು ಹೇಳಿದ ಡಬ್ಬ ನಾನೂ ನೋಡಿದೆ. "ಇವನು ಸತ್ತನಾ?" ಅಂತ ಕೇಳಿದೆ. "ಔಟ್ ಆದ ಅಮ್ಮ, ಸಾಯಲ್ಲ, ಅವನು ಇನ್ನೊಂದು ಮ್ಯಾಚ್ ಆಡ್ತಾನೆ" ಅಂದ. "ಹಾಗಾದರೆ ತಂಗಿಗೆ ಯಾಕೋ ಆ ಮಾತು ಅಂದೆ?" ಅಂದೆ. ಉತ್ತರ ಕೊಡಲಿಲ್ಲ. ಮ್ಯಾಚ್ ಮುಗಿಯಿತು, ಫೋನ್ ನನ್ನ ಕೈಗೆ ಕೊಟ್ಟು ಎದ್ದು ಹೋದ. ಸಂಜೆ ನೋಡುತ್ತೇನೆ, ಮಷಿನ್ ಸ್ಟ್ಯಾಂಡಿನ ಮೂಲೆಗೆ ನನ್ನ ತುಂಡು ಬಟ್ಟೆಗಳನ್ನು ಸುತ್ತಿ ದಾರ ಬಿಗಿದು ಕಟ್ಟಿದ್ದ.

ಮಗಳ ಹೊಲಿಗೆ ಬಿಚ್ಚಿದರು. ಸಣ್ಣ ಗೆರೆ ಉಳಿದಿದೆ.

ಕೌನ್ಸೆಲರ್ ಮೇಡಂ, ಒಂದು ಕೇಳುವುದಿದೆ. ಮುಂದಿನ ವಾರದಿಂದ ದಸರಾ ರಜೆ. ಇಡೀ ದಿನ ಮನೆಯಲ್ಲಿ ಇರುತ್ತಾನೆ, ನನಗೂ ಹಬ್ಬದ ಬ್ಲೌಸುಗಳು ಬಂದಿವೆ. ರಜೆಯಲ್ಲೂ ಮೂರೇ ಮ್ಯಾಚ್ ಅಂತ ಹಿಡಿಯಬೇಕಾ, ಸ್ವಲ್ಪ ಜಾಸ್ತಿ ಬಿಡಬಹುದಾ?